ಪ್ರಮೀಳಾಬಾಯಿಯ ಗೂಡ್ಸ್ ಗಾಡಿಗಳು

ಒಂದೆಲಗದ ಚಟ್ನಿ ತಿಂದದ್ದಾಯಿತು, ನೆನೆಸಿದ ಬಾದಾಮಿ ತಿಂದದ್ದಾಯಿತು, ಪದಬಂಧ ಬಿಡಿಸಿದ್ದಾಯಿತು, ಬೆಳಿಗ್ಗೆ ಎದ್ದು ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೆ ಹೇಳಿದ್ದೂ ಆಯಿತು. ಮರೆವಿಗೆ ಯಾರು ಏನು ಮದ್ದು ಹೇಳಿದರೂ ಪ್ರಮೀಳಾಬಾಯಿ ಬೆಣ್ಣೂರ ಮಾಡದೆ ಬಿಟ್ಟವರಲ್ಲ. ಎಡಗೈಯಲ್ಲಿ ಹಲ್ಲುಜ್ಜಿದರೆ ತಲೆ ಚುರುಕಾಗುತ್ತದೆ ಎಂದು ಯಾರೋ ಅಂದದ್ದೇ ತಡ, ಅದನ್ನೂ ಮಾಡಿ, ವಸಡು ಗಾಯ ಮಾಡಿಕೊಂಡು, ಹಲ್ಲಿನ ಡಾಕ್ಟರ ಕೈಲಿ ಬೈಸಿಕೊಂಡು ಬಂದಿದ್ದರು.

ಇದು ಇನ್ನೂ ಇಪ್ಪತ್ತೈದು ಮೂವತ್ತು ವರ್ಷ ಮುಂದಿನ ಮಾತು. ಆ ಹೊತ್ತಿಗೆ ಕ್ಯಾನ್ಸರ್ ಎಂದರೆ ಜನ ಮೊದಲಿನಷ್ಟು ಹೆದರುತ್ತಿರಲಿಲ್ಲ. ಸಕ್ಕರೆ ಕಾಯಿಲೆಗೆ ವರ್ಷಕ್ಕೊಂದು ಸೂಜಿ ಚುಚ್ಚಿಸಿಕೊಂಡರೆ ಹೋಳಿಗೆಗೂ ಕೈಚಾಚಬಹುದಿತ್ತು. ತೊಂಬತ್ತು ದಾಟಿದವರು ಪ್ರತಿ ಓಣಿಯಲ್ಲೂ ಸಿಗುತ್ತಿದ್ದರು. ದೇಹವೇನೋ ಗಟ್ಟಿಯಾಯಿತು, ತಲೆ ಮಾತ್ರ ಹಳೆಯ ಕಾಲದಂತೆ ತನಗೆ ಬೇಕಾದಾಗ ಕೈಕೊಡುತ್ತಿತ್ತು. ಹಾಗಾಗಿ ಮುದುಕರ ಲೋಕದಲ್ಲಿ ಉಳಿದದ್ದು ಅದೊಂದೇ ಭಯ.

ಪ್ರಮೀಳಾಬಾಯಿಗೆ ಆ ಭಯ ಗದಗಿನಿಂದ ಬಂದಿತ್ತು. ಅಲ್ಲಿದ್ದ ಅಕ್ಕ ವಸಂತಾ ಎಪ್ಪತ್ತರ ಆಸುಪಾಸಿಗೆ ಮರೆಯಲು ಶುರುಮಾಡಿ, ನೋಡನೋಡುತ್ತಿದ್ದಂತೆ ಹೆತ್ತ ಮಗನನ್ನೇ ಯಾರ ಪೈಕಿ ಎಂದು ಕೇಳುವಂತಾದರು. ಕೊನೆಯ ಸಲ ತಂಗಿ ನೋಡಲು ಹೋದಾಗ ಆಕೆ ಬಹಳ ಮರ್ಯಾದೆಯಿಂದ ಕುರ್ಚಿ ಕೊಟ್ಟರು, ಚಹಾ ಮಾಡಿಸಿದರು, ಬಾಗಿಲವರೆಗೂ ಬಂದು ಕಳಿಸಿದರು. ಹೊಸ್ತಿಲಲ್ಲಿ ನಿಂತು, "ಮತ್ತ ಬರ್ರಿ ಬಾಯಾರ, ನಿಮ್ಮ ಹೆಸರೇನಂದ್ರಿ?" ಎಂದರು. ಪ್ರಮೀಳಾಬಾಯಿ ಹುಬ್ಬಳ್ಳಿ ಮುಟ್ಟುವವರೆಗೂ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಅಕ್ಕ ತೀರಿಕೊಂಡು ಎರಡು ವರ್ಷಕ್ಕೆ, ಒಂದು ಸಂಜೆ ಕಾಯಿಪಲ್ಲೆ ತರಲು ಹೋದವರು ಕೇಶ್ವಾಪುರದ ತಮ್ಮದೇ ಓಣಿಯ ತಿರುವಿನಲ್ಲಿ ನಿಂತುಬಿಟ್ಟರು. ಎಡಕ್ಕೆ ಹೋಗಬೇಕೋ ಬಲಕ್ಕೋ ತಿಳಿಯಲಿಲ್ಲ. ಯಾರನ್ನಾದರೂ ಕೇಳಲು ನಾಚಿಕೆ. ಗಂಡ ಶಿವಯೋಗಿ ಹುಡುಕಿಕೊಂಡು ಬಂದಾಗ ಅವರು ಚೀಲ ಹಿಡಿದು, ಯಾರಿಗೋ ಕಾಯುತ್ತಿರುವವರಂತೆ ನಟಿಸುತ್ತ ನಿಂತಿದ್ದರು. ಶಿವಯೋಗಿ ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವರು. ಮುಖ ನೋಡಿದರೆ ಸಾಕು, ಒಳಗೇನಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಮರುದಿನವೇ ಹೆಂಡತಿಯನ್ನು ಧಾರವಾಡದ ಮಿದುಳು ಕೇಂದ್ರಕ್ಕೆ ಕರೆದುಕೊಂಡು ಹೋದರು.

ಅಲ್ಲಿ ನೋಡಿದವರು ಡಾಕ್ಟರ್ ನಾಜ್ನೀನ್ ಕಿತ್ತೂರ. ನಲವತ್ತರೊಳಗಿನ ಹೆಣ್ಣುಮಗಳು, ಗಡಿಬಿಡಿ ಜಾಸ್ತಿ, ಆದರೆ ರೋಗಿಯ ಎದುರು ಕೂತರೆ ಎದ್ದೇಳುವ ಆತುರ ತೋರಿಸುತ್ತಿರಲಿಲ್ಲ. ಪ್ರಮೀಳಾಬಾಯಿಯ ಹಣೆಗೆ ಒಂದು ತೆಳುವಾದ ಪಟ್ಟಿ ಕಟ್ಟಿ ಪರದೆಯ ಮೇಲೆ ಅವರದೇ ಮಿದುಳನ್ನು ತೋರಿಸಿದರು. ಮಿದುಳು ಬೆನ್ನುಹುರಿಗೆ ಕೂಡುವ ಕಡೆ ಅಕ್ಕಿಕಾಳಿಗಿಂತ ಸಣ್ಣದೊಂದು ನೀಲಿ ಚುಕ್ಕೆ ಇರುತ್ತದಂತೆ. ಮನುಷ್ಯ ಎಚ್ಚೆತ್ತು ಒಂದು ವಿಷಯಕ್ಕೆ ಮನಸ್ಸು ಕೊಟ್ಟಾಗ ಇಡೀ ಮಿದುಳಿಗೆ ಕೂಗಿ ಹೇಳುವುದು ಅದೇ. ಮರೆವಿನ ಕಾಯಿಲೆ ಮೊದಲು ಬಾಯಿಹಾಕುವುದೂ ಅದಕ್ಕೇ. ಪ್ರಮೀಳಾಬಾಯಿಯ ಚುಕ್ಕೆ ಮಂಕಾಗತೊಡಗಿತ್ತು.

ಪದಬಂಧ ಬಿಡಿಸಿದರೆ ಅದು ಬೆಳಗುವುದಿಲ್ಲವೇ ಎಂದು ಅವರು ಕೇಳಿದರು. ಮೊದಮೊದಲು ಬೆಳಗುತ್ತದೆ, ಆಮೇಲೆ ಇಲ್ಲ ಎಂದರು ಡಾಕ್ಟರ್. ಆಟ ಎಂದು ಮನಸ್ಸಿಗೆ ಗೊತ್ತಾದ ಮೇಲೆ ಚುಕ್ಕೆ ಮತ್ತೆ ಮಲಗಿಬಿಡುತ್ತದೆ. ತಾನಿಲ್ಲದಿದ್ದರೆ ಒಂದು ಕೆಲಸ ಕೆಡುತ್ತದೆ ಎಂದು ಮನುಷ್ಯನಿಗೆ ಅನಿಸಿದಾಗ ಮಾತ್ರ ಅದು ತಿಂಗಳುಗಟ್ಟಲೆ ಎಚ್ಚರವಾಗಿರುತ್ತದೆ. ಪ್ರಮೀಳಾಬಾಯಿ ನಕ್ಕು, ತಾನಿಲ್ಲದಿದ್ದರೆ ಮನೆಯಲ್ಲಿ ಯಾವುದೂ ಕೆಡುವುದಿಲ್ಲ, ಅಡುಗೆಯನ್ನೂ ಇವರೇ ನನಗಿಂತ ಚೆನ್ನಾಗಿ ಮಾಡುತ್ತಾರೆ ಎಂದು ಗಂಡನತ್ತ ಕೈ ತೋರಿಸಿದರು. ಶಿವಯೋಗಿ ನಗಲಿಲ್ಲ.

ಅಲ್ಲಿಂದ ತಿಂಗಳೊಪ್ಪತ್ತಿನಲ್ಲಿ ಪ್ರಮೀಳಾಬಾಯಿಗೆ, ರೈಲ್ವೆಯವರೆಂದು ಹೇಳಿಕೊಂಡು, ಒಂದು ಫೋನು ಬಂತು. ಅದನ್ನು ಹೇಳುವ ಮೊದಲು ಅವರು ಏನು ಕೆಲಸದಲ್ಲಿದ್ದರು ಎಂದು ಹೇಳಿಬಿಡಬೇಕು. ಅವರು ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್ ಆಗಿದ್ದವರು. ಡ್ರೈವರ್ ಗಾಡಿ ಓಡಿಸುತ್ತಾನೆ, ಸ್ಟೇಷನ್ ಮಾಸ್ತರ ಸಿಗ್ನಲ್ ಕೊಡುತ್ತಾನೆ, ಅದು ಎಲ್ಲರಿಗೂ ಕಾಣುತ್ತದೆ. ಆದರೆ ಒಂಟಿ ಲೈನಿನಲ್ಲಿ ಎದುರುಬದುರು ಬರುವ ಎರಡು ಗಾಡಿಗಳಲ್ಲಿ ಯಾವುದನ್ನು ಎಲ್ಲಿ ಪಕ್ಕಕ್ಕೆ ನಿಲ್ಲಿಸಿ ಯಾವುದನ್ನು ಮೊದಲು ದಾಟಿಸಬೇಕು ಎಂದು ಹೇಳುವವರು ಬೇರೆಯೇ ಇರುತ್ತಾರೆ. ಅವರು ಒಂದು ಕೋಣೆಯಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂತಿರುತ್ತಾರೆ, ಗಾಡಿಯ ಮುಖವನ್ನೂ ನೋಡುವುದಿಲ್ಲ. ಇಡೀ ಲೈನು ಅವರ ತಲೆಯೊಳಗೇ ಓಡಾಡುತ್ತಿರುತ್ತದೆ. ಪ್ರಮೀಳಾಬಾಯಿ ನಿವೃತ್ತರಾಗುವ ಹೊತ್ತಿಗೆ ಆ ಕೆಲಸವನ್ನು ಹೆಚ್ಚುಕಡಿಮೆ ಯಂತ್ರವೇ ಮಾಡತೊಡಗಿತ್ತು. ಯಂತ್ರದ ಮೇಲೆ ಕಣ್ಣಿಡಲು ಒಬ್ಬಿಬ್ಬರು ಹುಡುಗರು ಉಳಿದಿದ್ದರು.

ಫೋನಿನಲ್ಲಿ ಹೇಳಿದ್ದು ಇಷ್ಟು. ಅದಿರು ಸಾಗಿಸುವ ಹಳೆಯ ಒಂಟಿ ಲೈನೊಂದಿದೆ, ಹಿರೇಬೂದಿಹಾಳದಿಂದ ನೀರಲಕೊಪ್ಪದವರೆಗೆ. ಸಿಗ್ನಲ್ಲುಗಳು ಹಳೆಯವು, ಯಂತ್ರಕ್ಕೆ ಹೊಂದುತ್ತಿಲ್ಲ. ಅನುಭವಸ್ಥರಾದ ನೀವು ದಿನಾ ಬೆಳಿಗ್ಗೆ ಕೆಲವು ತಾಸು ಮನೆಯಲ್ಲೇ ಕೂತು ಅದನ್ನು ನಡೆಸಿಕೊಡುವಿರಾ? ಆ ಲೈನಿನಲ್ಲಿ ಪ್ರಮೀಳಾಬಾಯಿ ಪ್ರಾಯದಲ್ಲಿ ಏಳೆಂಟು ವರ್ಷ ಕಳೆದಿದ್ದರು. ಇವರಿಗೆ ನನ್ನ ನೆನಪಿದೆಯಲ್ಲ ಎಂದು ಹಿಗ್ಗಿ, ಕೂಡಲೇ ಹೂಂ ಅಂದರು. ಈಗ ಡ್ಯೂಟಿಯಲ್ಲಿರುವವರೆಲ್ಲ ಹಣೆಗೆ ಪಟ್ಟಿ ಕಟ್ಟಿಕೊಳ್ಳಬೇಕು, ತೂಕಡಿಸಿದರೆ ತಿಳಿಯಬೇಕಲ್ಲ ಎಂದರು ಫೋನು ಮಾಡಿದವರು. ಸರಿಯೇ ಅನಿಸಿತು. ಹೇಗೂ ಪಟ್ಟಿ ಕಟ್ಟುತ್ತೀರಲ್ಲ, ಅದರ ವಿವರ ನಮಗೂ ಬರಲಿ ಎಂದರು ಡಾಕ್ಟರ್ ನಾಜ್ನೀನ್. ಅದೂ ಸರಿಯೇ ಅನಿಸಿತು.

ಮಹಡಿಯ ಕೋಣೆಯಲ್ಲಿ ಮೇಜು, ಪರದೆ, ಕಿವಿಫೋನು ಬಂದು ಕೂತವು. ದೀಪಾವಳಿ ಮುಗಿದ ಮರುವಾರದಿಂದ ಕೆಲಸ ಶುರುವಾಯಿತು. ಮೊದಲ ದಿನ ಪ್ರತಿ ಹುಕುಮನ್ನೂ ಎರಡೆರಡು ಸಲ ಲೆಕ್ಕ ಹಾಕಿ ಹೇಳಿದರು. ಹತ್ತನೆಯ ದಿನಕ್ಕೆ ಧ್ವನಿ ಏರಿತು. ಕೆಳಗೆ ಹೆಸರುಕಾಳು ಆರಿಸುತ್ತ ಕೂತ ಶಿವಯೋಗಿಗೆ ಮೇಲಿನಿಂದ, ಖಾಲಿ ಗಾಡಿಯನ್ನು ಕಲ್ಲಗನೂರದಲ್ಲಿ ಹಿಡಿಯಿರಿ, ತುಂಬಿದ್ದನ್ನು ಬಿಡಿ ಎಂಬ ಹುಕುಂ ಕೇಳುತ್ತಿತ್ತು. ಮಧ್ಯಾಹ್ನ ಕೆಳಗಿಳಿದು ಬಂದವರು ಎರಡು ರೊಟ್ಟಿ ಜಾಸ್ತಿ ತಿನ್ನುತ್ತಿದ್ದರು. ಉಣ್ಣುತ್ತ ಅವತ್ತಿನ ಗಾಡಿಗಳ ಪಂಚಾಯ್ತಿಯನ್ನೆಲ್ಲ ಗಂಡನೆದುರು ಹರಡುತ್ತಿದ್ದರು. ಈಗಿನ ಸ್ಟೇಷನ್ ಮಾಸ್ತರರು ಎಷ್ಟು ವಿನಯವಂತರು, ನಮ್ಮ ಕಾಲದಲ್ಲಿ ಫೋನಿನಲ್ಲಿ ಅರ್ಧ ಹೊತ್ತು ಜಗಳವೇ ಆಗುತ್ತಿತ್ತು ಎಂದು ಹೊಗಳುತ್ತಿದ್ದರು. ಈ ವಯಸ್ಸಿನಲ್ಲೂ ಒಂದೂ ತಪ್ಪು ಮಾಡಿಲ್ಲ ಎಂಬ ಹೆಮ್ಮೆಯಂತೂ ಹೇಳತೀರದು.

ಪ್ರತಿ ತಿಂಗಳು ಧಾರವಾಡಕ್ಕೆ ಹೋಗಿ ಬರುತ್ತಿದ್ದರು. ಪರದೆಯ ಮೇಲಿನ ಗೆರೆ ಮೇಲಕ್ಕೆ ಹತ್ತಿತ್ತು. ನಾಜ್ನೀನ್ ಅದನ್ನು ತೋರಿಸುವಾಗ ಸಂತೋಷಪಡುತ್ತಿದ್ದರು, ಆದರೆ ಪ್ರಮೀಳಾಬಾಯಿಯ ಕಣ್ಣನ್ನು ನೇರ ನೋಡುತ್ತಿರಲಿಲ್ಲ. ಡಾಕ್ಟರಿಗೆ ಕೆಲಸದ ಒತ್ತಡ ಎಂದುಕೊಂಡು ಇವರು ಒಮ್ಮೆ ಅವರಿಗಾಗಿ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದರು. ಡಾಕ್ಟರು ಅದನ್ನು ಬಿಚ್ಚದೆ ಮೇಜಿನ ಬದಿಗೆ ಸರಿಸಿಟ್ಟರು.

ಹೀಗೆ ಮಳೆಗಾಲ ಕಳೆದು ನವರಾತ್ರಿ ಬಂತು, ಆ ಕಡೆ ಖಂಡೇಪೂಜೆ ಎನ್ನುವ ಆಯುಧಪೂಜೆ ಬಂತು.

ಖಂಡೇಪೂಜೆಯ ದಿನ ಹುಬ್ಬಳ್ಳಿಯಲ್ಲಿ ಚಕ್ರ ಇರುವ ಯಾವುದೂ ಪೂಜೆಯಿಲ್ಲದೆ ಉರುಳುವುದಿಲ್ಲ. ಸೈಕಲ್ಲಿಗೆ ಪೂಜೆ, ಆಟೊಕ್ಕೆ ಪೂಜೆ. ಹಾಗಿರುವಾಗ ಇಂಜಿನ್ನಿಗೆ ಇಲ್ಲದೆ ಇರುತ್ತದೆಯೇ? ಇಂಜಿನ್ ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಪೇಢೆ ಚುರುಮರಿ ಹಂಚಿ ಆದಮೇಲೆಯೇ ಡ್ರೈವರ್ ಹತ್ತುವುದು. ದೊಡ್ಡ ಸಾಹೇಬರೇ ಬಂದು ಬಾಯಿ ಮಾಡಿದರೂ ಅಷ್ಟೇ. ಆ ದಿನ ಗೂಡ್ಸ್ ಗಾಡಿ ಹೊತ್ತಿಗೆ ಸರಿಯಾಗಿ ಹೊರಟದ್ದನ್ನು ಕಂಟ್ರೋಲಿನಲ್ಲಿ ಯಾರೂ ಕಂಡಿಲ್ಲ. ಗೊತ್ತಿದ್ದ ಕಂಟ್ರೋಲರುಗಳು ಬೆಳಗಿನ ಲೆಕ್ಕದಲ್ಲೇ ಸಡಿಲ ಬಿಟ್ಟುಕೊಂಡು ಕೂರುತ್ತಿದ್ದರು. ಆದರೆ ಕಾಗದದ ಮೇಲೆ ಪೂಜೆಯಿಂದ ತಡ ಎಂದು ಬರೆಯಲಾಗುತ್ತದೆಯೇ? ಬರೆದರೆ ಮೇಲಿನಿಂದ ಪ್ರಶ್ನೆ ಬರುತ್ತದೆ. ಬ್ರೇಕ್ ಪರೀಕ್ಷೆ ತಡ, ಸಿಗ್ನಲ್ ದೋಷ, ಹಳಿಯ ಮೇಲೆ ದನ, ಹೀಗೆ ಬಾಯಿಗೆ ಬಂದದ್ದು ಬರೆಯುವುದು. ಅದೂ ತಡವನ್ನು ಅಕ್ಕಪಕ್ಕದ ದಿನಗಳಿಗೆ ಹಂಚಿ ಹಾಕುವುದು. ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಪ್ರಮೀಳಾಬಾಯಿಯೂ ಸರ್ವಿಸಿನುದ್ದಕ್ಕೂ ಬ್ರೇಕ್ ಪರೀಕ್ಷೆ ಎಂದೇ ಬರೆದವರು, ಅದರಲ್ಲಿ ಅವರಿಗೆ ಯಾವ ಪಾಪಭೀತಿಯೂ ಇರಲಿಲ್ಲ.

ಆ ಬೆಳಿಗ್ಗೆ ಶಿವಯೋಗಿ ಅಂಗಳದಲ್ಲಿ ಸ್ಕೂಟರ್ ತೊಳೆಯುತ್ತಿದ್ದರು. ಹಬ್ಬದ ದಿನವಾದರೂ ರಜೆ ಹಾಕು ಎಂದರೆ ಹೆಂಡತಿ ಕೇಳಿರಲಿಲ್ಲ. ಇಂಥ ದಿನವೇ ಕಂಟ್ರೋಲರ್ ಬೇಕಾಗುವುದು ಎಂದು ಹೇಳಿ ಮೇಲೆ ಹೋಗಿ ಪಟ್ಟಿ ಕಟ್ಟಿಕೊಂಡು ಕೂತರು. ಪದ್ಧತಿಯಂತೆ ಪ್ರತಿ ಗಾಡಿಗೂ ಸಡಿಲ ಬಿಟ್ಟು ಲೆಕ್ಕ ಹಾಕಿದರು. ಮೊದಲನೆಯ ಗಾಡಿ ಹಿರೇಬೂದಿಹಾಳದಿಂದ ಹೊತ್ತಿಗೆ ಸರಿಯಾಗಿ ಹೊರಟಿತು. ಇರಲಿ, ಯಾರೋ ಹೊಸ ಡ್ರೈವರ್ ಎಂದುಕೊಂಡರು. ಎರಡನೆಯದೂ ಹೊರಟಿತು. ಮೂರನೆಯದೂ. ಪ್ರಮೀಳಾಬಾಯಿ ಕಲ್ಲಗನೂರದ ಮಾಸ್ತರರನ್ನು ಕರೆದು, ಪೂಜೆ ಆಯಿತೇ ಎಂದು ಕೇಳಿದರು.

"ಯಾವ ಪೂಜೆ ಮೇಡಂ? ಗಾಡಿ ಸಿದ್ಧವಾಗಿದೆ," ಎಂದಿತು ಆ ವಿನಯದ ಧ್ವನಿ.

ಪ್ರಮೀಳಾಬಾಯಿಗೆ ಮೊದಲು ಬಂದ ಅನುಮಾನ ಮಾಸ್ತರರ ಮೇಲಲ್ಲ, ತಮ್ಮ ಮೇಲೆ. ಇವತ್ತು ಖಂಡೇಪೂಜೆ ಹೌದೋ ಅಲ್ಲವೋ? ದಿನ ತಪ್ಪಿತೇ? ವಸಂತಕ್ಕನಿಗೂ ಮೊದಲು ತಪ್ಪಿದ್ದು ದಿನಗಳೇ. ಕಿವಿಫೋನು ಕಿತ್ತಿಟ್ಟು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಅಂಗಳದ ಬಾಗಿಲಲ್ಲಿ ನಿಂತರು. ಶಿವಯೋಗಿ ಸ್ಕೂಟರಿನ ಹಿಡಿಕೆಗೆ ಚೆಂಡುಹೂವು ಸುತ್ತುತ್ತಿದ್ದರು. ಬೂದುಗುಂಬಳ ಪಕ್ಕದಲ್ಲೇ ಇತ್ತು. ಓಣಿಯ ತುಂಬ ಕರ್ಪೂರದ ವಾಸನೆ. ದಿನ ತಪ್ಪಿರಲಿಲ್ಲ. ಪ್ರಮೀಳಾಬಾಯಿಗೆ ಒಂದು ಕ್ಷಣ ಸಮಾಧಾನವಾಯಿತು. ಮರುಕ್ಷಣವೇ, ದಿನ ಸರಿಯಿದ್ದರೆ ಗಾಡಿಗಳು ಸರಿಯಿಲ್ಲ ಎಂಬುದು ಹೊಳೆಯಿತು.

ಮತ್ತೆ ಮೇಲೆ ಹೋದರು. ಈಗ ಅವರ ತಲೆ ಹಳೆಯ ದಿನಗಳಂತೆ ಓಡುತ್ತಿತ್ತು. ಲೈನಿನ ನಾಲ್ಕೂ ಸ್ಟೇಷನ್ನುಗಳನ್ನು ಒಂದೊಂದಾಗಿ ಕರೆದು, ಕಾಗದಕ್ಕೆ ಬರದ ಸಂಗತಿಗಳನ್ನೇ ಕೇಳಿದರು. ನೀರಲಕೊಪ್ಪದಲ್ಲಿ ಮಾಸ್ತರ ಊಟಕ್ಕೆ ಹೋದಾಗ ಫೋನು ಎತ್ತುವವರು ಯಾರು? ಡ್ರೈವರುಗಳು ಚಹಾಕ್ಕೆ ಗಾಡಿ ನಿಲ್ಲಿಸುವುದು ಎಲ್ಲಿ? ಯಾರಿಗೂ ಏನೂ ಗೊತ್ತಿರಲಿಲ್ಲ. ಎಲ್ಲರೂ ಗಾಡಿ ಸಿದ್ಧವಾಗಿದೆ ಎಂದೇ ಹೇಳಿದರು. ಹಳೆಯ ಕಾಗದಗಳನ್ನು ಓದಿಕೊಂಡು ಯಾವುದೋ ಯಂತ್ರ ಈ ಲೈನನ್ನೂ ಈ ಮಾಸ್ತರರ ಧ್ವನಿಗಳನ್ನೂ ಕಟ್ಟಿದೆ, ಕಾಗದದಲ್ಲಿ ಪೂಜೆ ಇಲ್ಲದ್ದರಿಂದ ಅದಕ್ಕೆ ಪೂಜೆ ಗೊತ್ತಿಲ್ಲ ಎಂದು ಅವರಿಗೆ ತಿಳಿದುಹೋಯಿತು. ಸುಳ್ಳು ಬರೆದವರಲ್ಲಿ ತಾವೂ ಒಬ್ಬರು ಎಂದು ನೆನೆದು ಆ ಸಂಕಟದಲ್ಲೂ ಅವರಿಗೆ ನಗು ಬಂತು. ಆಮೇಲೆ ನಗು ನಿಂತುಹೋಯಿತು.

ಕೆಳಗಿಳಿದು ಬಂದು ಗಂಡನೆದುರು ನಿಂತರು.

"ಗಾಡಿ ಖರೇ ಅಲ್ಲ. ನಿಮಗ ಗೊತ್ತಿತ್ತೇನು?"

ಶಿವಯೋಗಿ ಕೈಯಲ್ಲಿದ್ದ ಹೂವು ಕೆಳಗಿಟ್ಟರು. "ಗೊತ್ತಿತ್ತು. ಡಾಕ್ಟರ ಕಾಗದಕ್ಕ ಸಹಿ ಮಾಡಿದಾಂವ ನಾನ."

ಆ ಹಬ್ಬದಲ್ಲಿ ಆ ಮನೆಯಲ್ಲಿ ಬೂದುಗುಂಬಳ ಒಡೆಯಲಿಲ್ಲ.

ಪ್ರಮೀಳಾಬಾಯಿ ಮಹಡಿ ಹತ್ತುವುದನ್ನು ಬಿಟ್ಟರು. ಗಂಡನೊಂದಿಗೆ ಮಾತೂ ಬಿಟ್ಟರು. ಒಂದು ವರ್ಷ ಇಡೀ ಊಟದ ಹೊತ್ತಿಗೆ ಇಲ್ಲದ ಗಾಡಿಗಳ ಸುದ್ದಿ ಹೇಳಿದ್ದೇನು, ಈ ಮನುಷ್ಯ ತಲೆ ಆಡಿಸಿಕೊಂಡು ಕೇಳಿದ್ದೇನು! ನೆನೆಸಿಕೊಂಡಾಗೆಲ್ಲ ಮೈ ಉರಿಯುತ್ತಿತ್ತು. ಮಕ್ಕಳ ಕೈಗೆ ಆಟಿಕೆ ಫೋನು ಕೊಟ್ಟು, ಅಜ್ಜನ ಜೊತೆ ಮಾತಾಡು ಎಂದು ಕೂರಿಸುತ್ತಾರಲ್ಲ, ಹಾಗೆ ಕೂರಿಸಿದರಲ್ಲ ನನ್ನನ್ನು ಎಂದು ಸಿಟ್ಟು. ಸಿಟ್ಟಿಗಿಂತ ಹೆಚ್ಚು ಅವಮಾನ.

ಸಿಟ್ಟಿಗೆ ತಲೆಯನ್ನು ಕಾಯುವ ಶಕ್ತಿಯಿಲ್ಲ. ದೀಪಾವಳಿ ಹತ್ತಿರ ಬಂದ ಒಂದು ಮಧ್ಯಾಹ್ನ ಊಟಕ್ಕೆ ಕೂತವರು, ಮಾತು ಬಿಟ್ಟಿದ್ದನ್ನೇ ಮರೆತು, ಬಹಳ ಸಹಜವಾಗಿ, ವಸಂತಕ್ಕನದು ಊಟ ಆಯಿತೇ, ಆಕೆಗೂ ತಟ್ಟೆ ಹಾಕಿರಿ ಎಂದರು. ಶಿವಯೋಗಿ ಅನ್ನದ ಹುಟ್ಟು ಕೈಯಲ್ಲಿ ಹಿಡಿದು ಹಾಗೆಯೇ ನಿಂತರು. ಅವರ ಮುಖ ನೋಡಿ ಪ್ರಮೀಳಾಬಾಯಿಗೆ ತಾವು ಏನು ಹೇಳಿದೆವೆಂದು ಅರಿವಾಯಿತು. ತಟ್ಟೆ ಸರಿಸಿ, ಗಂಡನ ಕೈ ಹಿಡಿದುಕೊಂಡು, ಅಂಜಿಕೆ ಬರುತ್ತಿದೆ ಎಂದು ಅತ್ತರು.

ಅತ್ತು ಮುಗಿಯುವವರೆಗೆ ಶಿವಯೋಗಿ ಕಾದರು. ಆಮೇಲೆ ಹೇಳಿದರು. "ನಿನಗ ಸುಳ್ಳ ಹೇಳಿದ್ದು ತಪ್ಪು, ಪ್ರಮೀ. ಆದ್ರ ಈ ವರ್ಷ ನೀ ಮ್ಯಾಲಿಂದ ಇಳದು ಬರುವಾಗ ನಿನ್ನ ಮಾರಿ ಹೆಂಗಿರತಿತ್ತು ಅಂತ ನೋಡಿದಾಂವ ನಾನು. ಮತ್ತ ಕೇಳಿದ್ರ ಮತ್ತ ಸಹಿ ಮಾಡ್ತಿದ್ದೆ."

"ಮತ್ತ ಮಾಡೂದಾದ್ರ ನನಗ ಹೇಳಿ ಮಾಡ್ರಿ," ಎಂದರು ಪ್ರಮೀಳಾಬಾಯಿ. "ನನ್ನ ತಲಿ ಅದು."

ಮರುದಿನ ಇಬ್ಬರೂ ಧಾರವಾಡಕ್ಕೆ ಹೋದರು. ಡಾಕ್ಟರ್ ನಾಜ್ನೀನ್‌ಗೆ ಸುದ್ದಿ ಮುಟ್ಟಿತ್ತು. ಅವರು ನೆಪ ಹೇಳಲಿಲ್ಲ. ಮರೆವು ತಡೆಯಲು ಕೇಂದ್ರ ನಡೆಸುತ್ತಿರುವ ಈ ಯೋಜನೆಯಲ್ಲಿ ಇನ್ನೂ ಮೂವತ್ತು ಚಿಲ್ಲರೆ ಮಂದಿ ಇದ್ದಾರೆ ಎಂದರು. ನಿವೃತ್ತ ನರ್ಸ್ ಒಬ್ಬರು ಇಲ್ಲದ ವಾರ್ಡನ್ನು ನೋಡಿಕೊಳ್ಳುತ್ತಾರೆ, ಬಸ್ ಡಿಪೋದಲ್ಲಿದ್ದವರೊಬ್ಬರು ಇಲ್ಲದ ಬಸ್ಸುಗಳಿಗೆ ಚಾಲಕರನ್ನು ಹಂಚುತ್ತಾರೆ. ಎಲ್ಲರ ಮನೆಯವರೂ ಒಪ್ಪಿದ್ದಾರೆ. ಪಟ್ಟಿಯಿಂದ ಬರುವ ವಿವರ ನೋಡಿಕೊಂಡು ಯಂತ್ರ ಕೆಲಸವನ್ನು ತುಸು ಗಟ್ಟಿ ಮಾಡುತ್ತದೆ, ತುಸು ಸಡಿಲಿಸುತ್ತದೆ. ತಪ್ಪಾದರೆ ಅವರಿಗೆ ತಿಳಿಯದಂತೆ ಸರಿಪಡಿಸುತ್ತದೆ.

ನಾನೂ ತಪ್ಪು ಮಾಡಿದ್ದೆನೇ ಎಂದು ಪ್ರಮೀಳಾಬಾಯಿ ಕೇಳಿದರು. ಹೌದು ಎಂದರು ಡಾಕ್ಟರ್. ಬಹಳವೇ ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದರು. ಒಂದೂ ತಪ್ಪಿಲ್ಲ ಎಂದು ವರ್ಷವಿಡೀ ಬೀಗಿದ ಹೆಂಗಸಿಗೆ ಅದು ಗಾಡಿ ಸುಳ್ಳಾದದ್ದಕ್ಕಿಂತ ಹೆಚ್ಚು ನೋಯಿತು.

"ಖರೇ ಗಾಡಿ ಕೊಡಾಕ ನಮಗ ಆಗೂದಿಲ್ರಿ ಮೇಡಂ," ಎಂದರು ನಾಜ್ನೀನ್.

"ಕೊಡಲೂಬಾರದು," ಎಂದರು ಪ್ರಮೀಳಾಬಾಯಿ. "ಕಂಟ್ರೋಲಿನ ಕುರ್ಚಿ ಮ್ಯಾಲೆ ನಾ ಇದ್ದಿದ್ರ ನನ್ನಂಥವರನ್ನ ಬಾಗಲಾ ಸೈತ ದಾಟಸ್ತಿದ್ದಿಲ್ಲ."

 ಬದುಕೆಲ್ಲ ನಂಬಿದ್ದ ನಿಯಮ ಈಗ ತಮಗೇ ಬಾಗಿಲು ಹಾಕಿತ್ತು. ತಲೆ ಉಳಿಯಬೇಕಾದರೆ ಯಾರಿಗಾದರೂ ಬೇಕಾಗಿರಬೇಕು. ತಲೆ ಸರಿಯಿಲ್ಲದವರನ್ನು ಯಾರೂ ನಂಬಿ ಕೂರಬಾರದು. ಇದರ ನಡುವೆ ದಾರಿ ಎಲ್ಲಿದೆ? 

ಆಗ ನಾಜ್ನೀನ್ ಒಂದು ಗೆರೆ ತೋರಿಸಿದರು. ಖಂಡೇಪೂಜೆಯ ಬೆಳಗಿನದು. ಅದು ವರ್ಷದ ಎಲ್ಲ ಗೆರೆಗಳನ್ನೂ ದಾಟಿ ಮೇಲಕ್ಕೆ ಹೋಗಿತ್ತು. ಇಷ್ಟು ಎತ್ತರದ ಗೆರೆಯನ್ನು ಈ ಯೋಜನೆಯಲ್ಲಿ ಯಾರಲ್ಲೂ ಕಂಡಿಲ್ಲ ಎಂದರು. ಯಂತ್ರ ಆ ಹೊತ್ತು ಯಾವ ಗಟ್ಟಿ ಕೆಲಸವನ್ನೂ ಕೊಟ್ಟಿರಲಿಲ್ಲ, ಅದಕ್ಕೇ ತಮಗೆ ಅರ್ಥವಾಗಿಲ್ಲ ಎಂದರು. ಉಳಿದವರ ಗೆರೆಗಳು, ಗುಟ್ಟು ಗೊತ್ತಿಲ್ಲದಿದ್ದರೂ, ಒಂದು ವರ್ಷ ಆಗುತ್ತಿದ್ದಂತೆ ಇಳಿಯತೊಡಗಿವೆ ಎಂಬುದನ್ನೂ ಮುಚ್ಚಿಡಲಿಲ್ಲ.

ಪ್ರಮೀಳಾಬಾಯಿ ಆ ಗೆರೆಯನ್ನು ಬಹಳ ಹೊತ್ತು ನೋಡಿದರು. ಆ ತಾಸಿನಲ್ಲಿ ತಾವು ಮಾಡಿದ್ದೇನು? ಕಳ್ಳನನ್ನು ಹಿಡಿದಿದ್ದು. ಯಂತ್ರಕ್ಕೆ ಗೊತ್ತಿಲ್ಲದ್ದನ್ನು ಒಂದೊಂದಾಗಿ ಹೆಕ್ಕಿ ತೆಗೆದದ್ದು. ಅದಷ್ಟೇ ಆ ವರ್ಷದಲ್ಲಿ ನಿಜವಾಗಿ ನಡೆದ ಕೆಲಸ. ಅವರು ನಿಧಾನವಾಗಿ, ಯೋಚಿಸುತ್ತ ಯೋಚಿಸುತ್ತ ಕೇಳಿದರು. ಖರೇ ಕಂಟ್ರೋಲಿನಲ್ಲಿ ಖರೇ ಗಾಡಿಗಳನ್ನು ನಡೆಸುವ ಯಂತ್ರವಿದೆಯಲ್ಲ, ಅದು ಪಾಠ ಕಲಿತದ್ದು ಯಾವ ಕಾಗದದಿಂದ?

ಅವೇ ಕಾಗದಗಳಿಂದ ಇರಬೇಕು ಎಂದರು ಡಾಕ್ಟರ್.

ಹಾಗಾದರೆ ಪ್ರತಿ ಖಂಡೇಪೂಜೆಗೂ ಅಲ್ಲಿನ ಹುಡುಗರು ತಲೆ ಕೆರೆದುಕೊಳ್ಳುತ್ತಿರಬೇಕು. ಪೂಜೆ ಒಂದೇ ಏನು, ನಾವು ಬರೆಯದೆ ಬಿಟ್ಟದ್ದು, ಬೇರೆ ಬರೆದದ್ದು ನೂರಾರಿವೆ. ನಿಮ್ಮ ನರ್ಸಮ್ಮ, ಡಿಪೋದವರು, ಅವರೂ ಬೇಕಾದಷ್ಟು ಹಾಗೆ ಬರೆದಿರುತ್ತಾರೆ. ಕಾಗದ ಎಲ್ಲಿ ಸುಳ್ಳು ಹೇಳುತ್ತದೆ ಎಂದು ಹೇಳಲು ಬರೆದವರೇ ಬೇಕು, ನಾವು ಸತ್ತರೆ, ಇಲ್ಲವೇ ಮರೆತರೆ, ಯಾರೂ ಇಲ್ಲ ಎಂದರು ಪ್ರಮೀಳಾಬಾಯಿ. ಗಾಡಿ ನಾವು ನಡೆಸುವುದು ಬೇಡ. ನಾವು ಹೇಳಿದ್ದನ್ನು ಡ್ಯೂಟಿಯಲ್ಲಿರುವ ಹುಡುಗರು ಜಾಗಕ್ಕೆ ಹೋಗಿ, ನೋಡಿ, ಸರಿಯಿದ್ದರೆ ಯಂತ್ರಕ್ಕೆ ಕಲಿಸಲಿ. ತಪ್ಪಿದ್ದರೆ ಬಿಸಾಡಲಿ. ಆಗ ನಾವು ತಪ್ಪಿದರೂ ಯಾರ ಜೀವಕ್ಕೂ ಕುತ್ತಿಲ್ಲ.

ಶಿವಯೋಗಿ ಹೆಂಡತಿಯನ್ನೇ ನೋಡುತ್ತಿದ್ದರು. ಡಾಕ್ಟರ್ ನಾಜ್ನೀನ್ ಬರೆದುಕೊಳ್ಳಲು ಶುರುಮಾಡಿದ್ದರು.

ಒಂದೇ ಷರತ್ತು ಎಂದರು ಪ್ರಮೀಳಾಬಾಯಿ. ಇನ್ನು ಮೇಲೆ ಯಾರೂ ನಮಗೆ ಸುಳ್ಳು ಹೇಳಬಾರದು. ಗೆರೆ ಇಳಿದರೆ ಇಳಿದದ್ದನ್ನೇ ತೋರಿಸಬೇಕು.

ಮಾತಾಡಿದಷ್ಟು ಸುಲಭವಾಗಿ ಏನೂ ಆಗಲಿಲ್ಲ. ಮುದುಕರ ಹರಟೆ ಕೇಳಲು ಡ್ಯೂಟಿಯ ಹೊತ್ತು ಹಾಳುಮಾಡಬೇಕೇ ಎಂದು ರೈಲ್ವೆಯ ಮೇಲಿನವರು ಕೊಂಕು ತೆಗೆದರು. ಗುಟ್ಟು ತಿಳಿಸಿದಾಗ ನರ್ಸಮ್ಮ ಡಾಕ್ಟರಿಗೆ ಶಾಪ ಹಾಕಿ ಹೊರಟುಹೋದರು, ಮೂರು ವಾರದ ಮೇಲೆ ತಾವಾಗಿ ತಿರುಗಿ ಬಂದರು. ಇಬ್ಬರು ಬರಲೇ ಇಲ್ಲ. ಅಂತೂ ಯುಗಾದಿಯ ಹೊತ್ತಿಗೆ ಕೆಲಸಕ್ಕೆ ಒಂದು ರೂಪ ಬಂತು. ಪ್ರಮೀಳಾಬಾಯಿಯ ಮೇಜು ಮತ್ತೆ ಝಾಡಿಸಿಕೊಂಡು ಎದ್ದಿತು. ಫೋನಿನ ಆ ತುದಿಯಲ್ಲಿ ಈಗ ಅದೇ ಅದಿರಿನ ಲೈನು ನೋಡಿಕೊಳ್ಳುವ, ಸಮರ್ಥ ಹಾವನೂರ ಎಂಬ ನಿಜವಾದ ಕಂಟ್ರೋಲರ್ ಇದ್ದ. ಮದುವೆಯಾಗಿ ಎರಡು ಮಕ್ಕಳ ತಂದೆ, ಸದಾ ಅವಸರ, ವಿನಯದ ಗಂಧವಿಲ್ಲ. ಇವರು ಒಂದು ಸಂಗತಿ ಹೇಳಿದರೆ ಹತ್ತು ಪ್ರಶ್ನೆ ಕೇಳುತ್ತಿದ್ದ. ಮೊದಲ ವಾರವೇ ಇಬ್ಬರಿಗೂ ಜಗಳವಾಯಿತು. ಎಂಥ ಒರಟ ಎಂದು ಪ್ರಮೀಳಾಬಾಯಿ ಊಟದ ಹೊತ್ತಿಗೆ ಬೈದರು. ಬೈಯುವಾಗ ಅವರ ಕಣ್ಣು ಹೊಳೆಯುವುದನ್ನು ಕಂಡು ಶಿವಯೋಗಿ ಇನ್ನೊಂದು ರೊಟ್ಟಿ ಹಾಕಿದರು.

ಗೆರೆ ಏರಿತು, ನಿಂತಿತು, ಒಂದೆರಡು ತಿಂಗಳಲ್ಲಿ ಕೂದಲೆಳೆಯಷ್ಟು ಇಳಿಯಿತು. ಡಾಕ್ಟರ್ ಈಗ ಕಣ್ಣಲ್ಲಿ ಕಣ್ಣಿಟ್ಟೇ ತೋರಿಸಿದರು. ಹೀಗೇ ಮೆಲ್ಲಗೆ ಇಳಿದರೆ ನೀವು ನೀವಾಗಿಯೇ ಬಹಳ ವರ್ಷ ಇರುತ್ತೀರಿ ಎಂದರು. ಇಳಿಯುವುದು ನಿಲ್ಲುವುದಿಲ್ಲವೇ ಎಂದು ಕೇಳಿದ್ದಕ್ಕೆ, ಗೊತ್ತಿಲ್ಲ ಎಂದರು. ಆ ಗೊತ್ತಿಲ್ಲ ಎಂಬ ಮಾತು ಪ್ರಮೀಳಾಬಾಯಿಗೆ ಯಾಕೋ ಹಿಂದಿನ ವರ್ಷದ ಎಲ್ಲ ಶಹಬಾಸ್‌ಗಿರಿಗಿಂತ ಹೆಚ್ಚು ಧೈರ್ಯ ಕೊಟ್ಟಿತು.

ಆಷಾಢದ ಒಂದು ಬೆಳಿಗ್ಗೆ ಹಾವನೂರ ಫೋನು ಮಾಡಿದ. ವಾರದ ಹಿಂದೆ ಪ್ರಮೀಳಾಬಾಯಿ ಅವನಿಗೆ ಒಂದು ಗೇಟಿನ ಸಂಗತಿ ಹೇಳಿದ್ದರು. ನೀರಲಕೊಪ್ಪಕ್ಕೆ ತುಸು ಮೊದಲು ಒಂದು ಗೇಟು ಬರುತ್ತದೆ, ಸಂತೆಯ ದಿನ ಅಲ್ಲಿ ಕುರಿಹಿಂಡು ದಾಟುತ್ತದೆ, ಡ್ರೈವರುಗಳು ವೇಗ ಇಳಿಸುತ್ತಾರೆ, ಯಾರೂ ಬರೆಯುವುದಿಲ್ಲ. ಗೇಟಿನವನ ಮೀಸೆ, ಅವನ ಕೆಂಪು ರುಮಾಲು, ಎಲ್ಲ ಕಣ್ಣಿಗೆ ಕಟ್ಟಿದಂತೆ ವರ್ಣಿಸಿದ್ದರು.

"ಮೇಡಂ, ನಾ ಹೋಗಿ ನೋಡಿ ಬಂದೆ. ಅಲ್ಲಿ ಗೇಟ ಇಲ್ರಿ. ಹಿಂದನೂ ಇದ್ದಿಲ್ಲಂತ, ಊರವರನ್ನ ಕೇಳಿದೆ. ನೀವು ಹೇಳಿದ್ದು ತಪ್ಪು."

 ಪ್ರಮೀಳಾಬಾಯಿಗೆ ಗೇಟು ಈಗಲೂ ಕಾಣುತ್ತಿತ್ತು, ಕುರಿಗಳ ಧೂಳೂ ಕಾಣುತ್ತಿತ್ತು. ಬೇರೆ ಯಾವುದೋ ಲೈನಿನ ಗೇಟನ್ನು ತಲೆ ತಂದು ಇಲ್ಲಿ ನಿಲ್ಲಿಸಿತ್ತು. ಇನ್ನು ಎಷ್ಟನ್ನು ಹೀಗೆ ಕಲಸಿ ಇಟ್ಟಿದೆಯೋ ದೇವರೇ ಬಲ್ಲ. ಮುಗಿಯಿತು ಎಂದುಕೊಂಡರು. ಈ ಹುಡುಗ ಇನ್ನು ಮರ್ಯಾದೆಯಿಂದ ಮಾತಾಡಿ, ಆಗಲಿ ಮೇಡಂ, ವಿಶ್ರಾಂತಿ ತಗೊಳ್ಳಿ ಎಂದು ಫೋನು ಇಟ್ಟುಬಿಡುತ್ತಾನೆ. ಕಿವಿಫೋನು ತೆಗೆಯಲು ಕೈ ತಾನಾಗಿ ಮೇಲೆ ಹೋಯಿತು.

"ಮೇಡಂ, ಲೈನಿನ್ಯಾಗ ಅದೀರೇನ್ರಿ?" ಎಂದ ಹಾವನೂರ, ಎಂದಿನ ಅವಸರದಲ್ಲಿ. "ಅದನ್ನ ಹೊಡದು ಹಾಕೇನಿ, ಬಿಡ್ರಿ. ಕಲ್ಲಗನೂರದ್ದು ಹೇಳ್ರಿ ಈಗ. ಬುಧವಾರ ಬುಧವಾರ ಅಲ್ಲಿ ಗಾಡಿ ಯಾಕ ತಡ ಆಗ್ತಾವ, ಯಂತ್ರಕ್ಕೂ ತಿಳಿವಲ್ದು, ನನಗೂ ತಿಳಿವಲ್ದು. ನೀವ ಹೇಳಬೇಕು."

ಪ್ರಮೀಳಾಬಾಯಿಯ ಕೈ ಕಿವಿಯ ಹತ್ತಿರವೇ ನಿಂತಿತು. ಆ ಸುಳ್ಳು ವರ್ಷದಲ್ಲಿ ಅವರು ಎಷ್ಟು ತಪ್ಪು ಮಾಡಿದ್ದರೋ, ಒಬ್ಬರಾದರೂ ತಪ್ಪು ಎಂದಿರಲಿಲ್ಲ. ಇವನು ತಪ್ಪು ಎಂದ. ತಪ್ಪು ಎಂದ ಮೇಲೂ ಇನ್ನೊಂದು ಕೇಳುತ್ತಿದ್ದಾನೆ. ಅವರು ಕಿವಿಫೋನನ್ನು ಮತ್ತೆ ಗಟ್ಟಿಯಾಗಿ ಸಿಕ್ಕಿಸಿಕೊಂಡರು.

"ತಡಿಯಪ್ಪಾ. ನೆನಪು ಮಾಡಕೊಳ್ತೀನಿ."

ಹೊತ್ತು ಹಿಡಿಯಿತು. ಕಲ್ಲಗನೂರದ ಪ್ಲಾಟ್‌ಫಾರ್ಮು ಬಂತು, ನೀರಿನ ತೊಟ್ಟಿ ಬಂತು, ಬುಧವಾರ ಇನ್ನೂ ಬಂದಿರಲಿಲ್ಲ. ಆ ಕಡೆ ಹಾವನೂರ ಫೋನು ಇಡದೆ ಕಾಯುತ್ತಿದ್ದ.